ಯಂತ್ರದಲ್ಲಿ ಒಗೆದ ಅರಿವೆ ಮಡಿಯೇ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುಪಾಲು ಪೂಜಾವಿಧಾನ, ವ್ರತನಿಯಮ, ಅಷ್ಟಾವರಣಗಳನ್ನು ಕುರಿತ ಪ್ರಶ್ನೆಗಳೇ ಆಗಿರುತ್ತವೆ. ಈ ಸಲ ನಮ್ಮ ಕೈಸೇರಿದ ಒಂದು ಪತ್ರ ಮಾತ್ರ ಬೇರೆ ಬಗೆಯದು. ಬರೆದವರು ಬಾಗಲಕೋಟೆ ಸೀಮೆಯ ಒಬ್ಬ ಗೃಹಿಣಿ. ಎಂಟು ಜನರ ಕೂಡುಕುಟುಂಬ. ಅವರ ಪತಿ ಬಟ್ಟೆ ಒಗೆಯುವ ಯಂತ್ರವೊಂದನ್ನು ಮನೆಗೆ ತಂದಿದ್ದಾರೆ. ಅತ್ತೆಯವರು, ಎಲ್ಲರ ಅರಿವೆಗಳೂ ಒಂದೇ ತೊಟ್ಟಿಯಲ್ಲಿ ಕೂಡಿ ತಿರುಗಿದ ಮೇಲೆ ಅದು ಮಡಿಯಾಗದು, ಆ ಬಟ್ಟೆಯನ್ನುಟ್ಟು ಲಿಂಗಪೂಜೆಗೆ ಕೂಡುವುದು ತಮ್ಮಿಂದಾಗದು ಎಂದು ಹಟ ಹಿಡಿದಿದ್ದಾರೆ. ಹೀಗಾಗಿ ಯಂತ್ರ ಬಂದ ಮೇಲೂ ಹಿರಿಯರ ಬಟ್ಟೆಗಳನ್ನೂ ಪೂಜೆಯ ವಸ್ತ್ರಗಳನ್ನೂ ಸೊಸೆಯೇ ಕಲ್ಲಿನ ಮೇಲೆ ಒಗೆಯಬೇಕಾಗಿದೆ, ಆಕೆಗೆ ಬೆನ್ನುನೋವು. ಇದರ ಮೇಲೆ ಯಂತ್ರವೂ ಮುನಿಸಿಕೊಂಡಿದೆ. ಕಪ್ಪು ಬಟ್ಟೆಗಳ ಮೇಲೆ ಬಿಳಿಯ ಕಲೆ, ಒಗೆದ ಬಟ್ಟೆಗೆ ಮುಗ್ಗಲು ವಾಸನೆ, ಹಿಂಡುವಾಗ ಯಂತ್ರವೇ ನಿಂತಲ್ಲಿಂದ ಸರಿದು ಬರುತ್ತದೆ. "ಅತ್ತೆಯವರ ಮಾತೇ ನಿಜವಿರಬಹುದೇ?" ಎಂದು ಆ ಸೋದರಿ ಕೇಳಿದ್ದಾರೆ. ಕೌದಿಯನ್ನು ಯಂತ್ರಕ್ಕೆ ಹಾಕಬಹುದೇ ಎಂಬುದು ಪತ್ರದ ತುದಿಗೆ ಸೇರಿಸಿದ ಇನ್ನೊಂದು ಪ್ರಶ್ನೆ.

ಮಡಿಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ಆ ಪೆಟ್ಟಿಗೆಯೊಳಗೆ ನಡೆಯುವುದೇನೆಂಬುದನ್ನು ಅರಿಯಬೇಕು. ಅರಿಯದೆ ಒಪ್ಪುವುದೂ ಬೇಡ, ಅರಿಯದೆ ದೂರುವುದೂ ಬೇಡ.

ಬಟ್ಟೆಯ ಕೊಳೆ ಬರಿಯ ಧೂಳಲ್ಲ. ಮೈಯಿಂದ ಬರುವ ಎಣ್ಣೆಯಂಶವು ನೂಲಿಗೆ ಅಂಟಿಕೊಂಡಿರುತ್ತದೆ, ಧೂಳು ಆ ಜಿಡ್ಡಿಗೆ ಅಂಟಿಕೊಳ್ಳುತ್ತದೆ. ನೀರಿಗೂ ಎಣ್ಣೆಗೂ ಹೊಂದಿಕೆಯಿಲ್ಲವಾದ್ದರಿಂದ ಬರಿಯ ನೀರಿನಿಂದ ಅದು ಬಿಡದು. ಸಾಬೂನಿನ ಅಣುವಿಗೆ ಎರಡು ತುದಿಗಳು; ಒಂದು ನೀರನ್ನು ಬಯಸುತ್ತದೆ, ಇನ್ನೊಂದು ಜಿಡ್ಡನ್ನು ಹಿಡಿಯುತ್ತದೆ. ಅಸಂಖ್ಯಾತ ಅಣುಗಳು ಜಿಡ್ಡಿನ ಕಣವೊಂದನ್ನು ಸುತ್ತುವರಿದು ನೂಲಿನಿಂದ ಬಿಡಿಸಿ ನೀರಿನಲ್ಲಿ ತೇಲಿಸುತ್ತವೆ. ನಮ್ಮ ಹಿರಿಯರು ಸವುಳು ಮಣ್ಣು, ಅಂಟವಾಳದ ಕಾಯಿಗಳಿಂದ ಮಾಡುತ್ತಿದ್ದುದೂ ಇದೇ ಕೆಲಸ. ಸವುಳಿನ ಕ್ಷಾರವು ಜಿಡ್ಡನ್ನು ಸಡಿಲಿಸುತ್ತಿತ್ತು, ಅಂಟವಾಳದ ನೊರೆ ಅದನ್ನು ಹೊತ್ತೊಯ್ಯುತ್ತಿತ್ತು.

ಹರ್ಬರ್ಟ್ ಸಿನ್ನರ್ ಎಂಬ ಜರ್ಮನಿಯ ರಸಾಯನಶಾಸ್ತ್ರಜ್ಞನು ಕಳೆದ ಶತಮಾನದ ನಡುವಿನಲ್ಲಿ ಒಗೆತಕ್ಕೆ ನಾಲ್ಕು ಅಂಗಗಳೆಂದು ಹೇಳಿದನು: ಸಾಬೂನಿನಂಥ ದ್ರವ್ಯ, ತಿಕ್ಕಾಟ, ಬಿಸಿ ಮತ್ತು ಕಾಲ. ಒಂದನ್ನು ಕಡಿಮೆ ಮಾಡಿದರೆ ಉಳಿದವುಗಳನ್ನು ಹೆಚ್ಚಿಸಬೇಕಾಗುತ್ತದೆ. ಕಲ್ಲಿನ ಮೇಲೆ ಬಡಿಯುವಾಗ ತಿಕ್ಕಾಟ ಬಹಳ, ಕಾಲ ಸ್ವಲ್ಪ. ಯಂತ್ರವು ಬಡಿಯುವುದಿಲ್ಲ, ಮೆಲ್ಲನೆ ಹೊರಳಿಸುತ್ತ ಗಂಟೆಗಟ್ಟಲೆ ಸಮಯ ತೆಗೆದುಕೊಳ್ಳುತ್ತದೆ. "ಎರಡು ತಾಸು ತಿರುಗಿದರೂ ಮುಗಿಯಲಿಲ್ಲ" ಎಂದು ಬೇಸರಿಸುವ ತಾಯಂದಿರು ಇದನ್ನು ಗಮನಿಸಬೇಕು. ಬೇಗ ಮುಗಿಯುವ ಹದಿನೈದು ನಿಮಿಷದ ಸುತ್ತು ಒಮ್ಮೆ ಉಟ್ಟು ತೆಗೆದ ಬಟ್ಟೆಗೆ ಸರಿ, ಹೊಲದಿಂದ ಬಂದವರ ಧೋತರಕ್ಕೆ ಅಲ್ಲ.

ಯಂತ್ರಗಳಲ್ಲಿ ಮೂರು ಬಗೆ. ಎರಡು ತೊಟ್ಟಿಗಳುಳ್ಳ ಅರೆ ಸ್ವಯಂಚಾಲಿತ ಯಂತ್ರದಲ್ಲಿ ಒಂದರಲ್ಲಿ ಒಗೆದ ಬಟ್ಟೆಯನ್ನು ಕೈಯಿಂದಲೇ ತೆಗೆದು ಇನ್ನೊಂದರಲ್ಲಿ ಹಿಂಡಲು ಹಾಕಬೇಕು. ನಲ್ಲಿ ನೀರು ನಿಯತವಾಗಿ ಬಾರದ ಊರುಗಳಲ್ಲಿ ಕೊಡದಿಂದ ನೀರು ಸುರಿದೂ ನಡೆಸಬಹುದಾದ ಈ ಯಂತ್ರವನ್ನು ಕೀಳಾಗಿ ಕಾಣುವುದು ಸಲ್ಲದು. ಎರಡನೆಯದು ಮೇಲಿನಿಂದ ಬಟ್ಟೆ ತುಂಬುವ ಪೂರ್ಣ ಸ್ವಯಂಚಾಲಿತ ಯಂತ್ರ. ತಳದಲ್ಲಿರುವ ತಟ್ಟೆಯಂಥ ತಿರುಗಣಿಯು ಎಡಕ್ಕೂ ಬಲಕ್ಕೂ ತಿರುಗಿ ನೀರಿನಲ್ಲಿ ಸುಳಿಯೆಬ್ಬಿಸುತ್ತದೆ. ಮೂರನೆಯದು ಮುಂಬಾಗಿಲಿನದು. ಅದರಲ್ಲಿ ಅಡ್ಡಲಾಗಿ ಮಲಗಿದ ಡ್ರಮ್ಮು ತಿರುಗುವಾಗ ಒಳಗಿನ ಏಣುಗಳು ಬಟ್ಟೆಯನ್ನು ಮೇಲಕ್ಕೆತ್ತಿ ಕೆಳಗಿನ ನೀರಿಗೆ ಬೀಳಿಸುತ್ತವೆ. ಕಲ್ಲಿನ ಮೇಲೆ ಎತ್ತಿ ಒಗೆಯುವುದಕ್ಕೆ ಇದು ಹತ್ತಿರದ ಕ್ರಮ. ಇದಕ್ಕೆ ನೀರು ಕಡಿಮೆ ಸಾಕು; ಒಂದು ಒಗೆತಕ್ಕೆ ಸುಮಾರು 50-60 ಲೀಟರು. ಮೇಲ್ಬಾಗಿಲಿನದಕ್ಕೆ 100 ಲೀಟರಿಗೂ ಮಿಕ್ಕಿ ಬೇಕಾಗುವುದುಂಟು.

ಒಳಗೆ ನೀರು ಎಷ್ಟಾಯಿತೆಂದು ಯಂತ್ರಕ್ಕೆ ತಿಳಿಯುವ ಬಗೆ ನಮಗೆ ಬಹು ಸೊಗಸಾಗಿ ಕಂಡಿತು. ತೊಟ್ಟಿಯ ತಳದಿಂದ ಒಂದು ಸಣ್ಣ ರಬ್ಬರ್ ನಳಿಕೆ ಮೇಲಕ್ಕೆ ಹೋಗಿರುತ್ತದೆ. ತೊಟ್ಟಿಯಲ್ಲಿ ನೀರೇರಿದಂತೆ ನಳಿಕೆಯೊಳಗೆ ಸಿಕ್ಕಿಕೊಂಡ ಗಾಳಿ ಒತ್ತಲ್ಪಡುತ್ತದೆ. ಆ ಒತ್ತಡವನ್ನು ತುದಿಯಲ್ಲಿರುವ ಸಾಧನವು ಅಳೆದು, ಸಾಕಾದೊಡನೆ ನಲ್ಲಿಯ ಕವಾಟವನ್ನು ಮುಚ್ಚಿಸುತ್ತದೆ. ಈ ನಳಿಕೆಯಲ್ಲಿ ಸಾಬೂನಿನ ಗಸಿ ಕಟ್ಟಿಕೊಂಡರೆ ಯಂತ್ರಕ್ಕೆ ಲೆಕ್ಕ ತಪ್ಪುತ್ತದೆ. ನೀರು ತುಂಬುತ್ತಲೇ ಇರುವುದು, ಇಲ್ಲವೆ ಖಾಲಿಯಾದರೂ ಇನ್ನೂ ಇದೆಯೆಂದು ಭ್ರಮಿಸುವುದು ಇದರ ಲಕ್ಷಣ. ಕೆಲವೇ ನಿಮಿಷಗಳ ಶುಚಿಕಾರ್ಯದಿಂದ ಸರಿಹೋಗಬಹುದಾದ ಈ ದೋಷಕ್ಕೆ ಸಾವಿರಾರು ರೂಪಾಯಿಯ ಬೋರ್ಡನ್ನೇ ಬದಲಿಸಬೇಕೆಂದು ಹೇಳುವವರಿದ್ದಾರೆ. ನಳಿಕೆಯನ್ನು ನೋಡಿದಿರಾ ಎಂದು ಮೊದಲು ಕೇಳಬೇಕು.

ಒಗೆತ ಮುಗಿದ ಮೇಲೆ ಕೊಳೆನೀರನ್ನು ಪಂಪು ಹೊರಹಾಕುತ್ತದೆ. ಅನಂತರ ಹೊಸ ನೀರು ಬರುತ್ತದೆ, ಬಟ್ಟೆಯನ್ನು ಜಾಲಾಡಿ ಹೋಗುತ್ತದೆ, ಮತ್ತೆ ಬರುತ್ತದೆ. ಈ ಮಾತನ್ನು ಅತ್ತೆಯವರಿಗೆ ಒತ್ತಿ ಹೇಳಬೇಕಾಗಿದೆ. ಒಂದೇ ನೀರಿನಲ್ಲಿ ಎಲ್ಲವೂ ಕೂಡಿ ನೆನೆದು ಹೊರಬರುತ್ತವೆಂಬುದು ತಪ್ಪು ತಿಳಿವಳಿಕೆ. ಮನೆಯ ಬಕೆಟ್ಟಿನಲ್ಲಿ ಎರಡು ಸಲ ಅದ್ದಿ ಹಿಂಡುವ ಬಟ್ಟೆಗಿಂತ ಯಂತ್ರದ ಬಟ್ಟೆ ಕಡಿಮೆ ಜಾಲಿಸಲ್ಪಟ್ಟಿರುವುದಿಲ್ಲ. ಸಾಲದೆನಿಸಿದರೆ ಇನ್ನೊಂದು ಜಾಲಾಟಕ್ಕೆ ಗುಂಡಿಯೇ ಇದೆ.

ಇನ್ನು ಮಡಿಯ ವಿಚಾರ. ಕನ್ನಡದಲ್ಲಿ ಮಡಿಯೆಂದರೆ ಒಗೆದು ಶುಭ್ರಮಾಡಿದ ವಸ್ತ್ರ. ಮಡಿವಾಳನೆಂಬ ಹೆಸರು ಅದರಿಂದಲೇ ಬಂದುದು. ಮುಟ್ಟು-ಮೈಲಿಗೆಯ ಅರ್ಥದಲ್ಲಿ ಆ ಪದವನ್ನು ಹಿಡಿದುಕೊಂಡು ಸಂಕಟಪಡುವುದು ಶರಣಧರ್ಮದ ಮನೆಗಳಿಗೆ ಒಪ್ಪುವ ಮಾತಲ್ಲ. ಜನನ, ಜಾತಿ, ಪ್ರೇತ, ಉಚ್ಛಿಷ್ಟ, ರಜಸ್ಸು ಎಂಬ ಪಂಚಸೂತಕಗಳು ಲಿಂಗಧಾರಿಗಿಲ್ಲವೆಂದು ನಮ್ಮ ಹಿರಿಯರು ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಸಾರಿದರು. ಅತ್ತೆಯವರ ಮನಸ್ಸಿನೊಳಗಿನ ಅಳುಕು ಯಾವುದೆಂಬುದನ್ನು ಪತ್ರ ಬಾಯಿಬಿಟ್ಟು ಹೇಳಿಲ್ಲ; ಆದರೆ ಹೆಣ್ಣುಮಕ್ಕಳ ತಿಂಗಳ ದಿನಗಳ ಬಟ್ಟೆಗಳು ಅದರಲ್ಲಿ ಸೇರುತ್ತವೆಂಬ ಸಂಕೋಚವೇ ಮೂಲವೆಂದು ನಮಗೆ ತೋರುತ್ತದೆ. ಆ ದಿನಗಳಲ್ಲಿಯೂ ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿ ಪೂಜಿಸುವ ಅಧಿಕಾರ ಹೆಣ್ಣಿಗೆ ಉಂಟೆಂದು ಒಪ್ಪಿದ ಧರ್ಮದಲ್ಲಿ, ಆಕೆಯ ಬಟ್ಟೆ ಒಗೆದ ತೊಟ್ಟಿಗೆ ಮೈಲಿಗೆಯೆಲ್ಲಿಂದ ಬಂತು? ನೈರ್ಮಲ್ಯದ ಮಾತು ಬೇರೆ. ರಕ್ತದ ಕಲೆಯಿರುವ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಬಿಡಿಸಿಕೊಂಡೇ ಯಂತ್ರಕ್ಕೆ ಹಾಕಬೇಕು, ಬಿಸಿನೀರು ತಾಗಿದರೆ ಕಲೆ ನೂಲಿಗೆ ಕಚ್ಚಿಕೊಳ್ಳುತ್ತದೆ. ಕೂಸಿನ ಬಟ್ಟೆ, ರೋಗಿಯ ಹಾಸಿಗೆಯ ಬಟ್ಟೆಗಳನ್ನು ಬೇರೆಯಾಗಿ 60 ಡಿಗ್ರಿಯ ಬಿಸಿಯಲ್ಲಿ ಒಗೆಯುವುದು ಲೇಸು. ಇದು ಗಂಡಸರ ಬಟ್ಟೆಗೂ ಹೆಂಗಸರ ಬಟ್ಟೆಗೂ ಒಂದೇ ನಿಯಮ.

ಯಂತ್ರದಿಂದ ಒಗೆದರೆ ಕಾಯಕಕ್ಕೆ ಕುಂದಲ್ಲವೇ ಎಂದು ಕೆಲವರು ಕೇಳುವುದುಂಟು. ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದ ಮಡಿವಾಳ ಮಾಚಿದೇವರು ಶರಣರ ಬಟ್ಟೆಗಳನ್ನು ಒಗೆಯುವುದನ್ನೇ ಕಾಯಕವಾಗಿ ಕೈಗೊಂಡರು, ನಿಜ. ಅದು ಅವರು ಆರಿಸಿಕೊಂಡ ಕಾಯಕ. ನಡು ಬಾಗದ ಸೊಸೆಯೊಬ್ಬಳಿಗೆ ಎಂಟು ಜನರ ಅರಿವೆಗಳ ಗಂಟನ್ನು ಹೊರಿಸಿ, ಉಳಿದ ಏಳು ಜನರು ಅದನ್ನು ಕಾಯಕವೆಂದು ಹೊಗಳುವುದು ಮಾಚಿದೇವರ ಮಾರ್ಗವಲ್ಲ. ಬಟ್ಟೆ ತುಂಬುವುದು, ತೆಗೆದು ಹರವುವುದು, ಒಣಗಿದ್ದನ್ನು ಮಡಚುವುದು ಇವು ಗಂಡುಮಕ್ಕಳೂ ಮಾಡಬಹುದಾದ ಕೆಲಸಗಳು. ಪ್ರಸಾದನಿಲಯಗಳಲ್ಲಿದ್ದು ಓದಿದ ಗಂಡುಮಕ್ಕಳಿಗೆ ಒಗೆಯಾಣ ಬಾರದೆಂಬ ಮಾತನ್ನು ನಾವಂತೂ ನಂಬುವುದಿಲ್ಲ.

ಅತ್ತೆಯವರ ಮನಸ್ಸು ಇಷ್ಟಕ್ಕೂ ಒಪ್ಪದಿದ್ದರೆ ಅವರ ಬಟ್ಟೆಗಳನ್ನೂ ಪೂಜೆಯ ವಸ್ತ್ರಗಳನ್ನೂ ಸೇರಿಸಿ ವಾರಕ್ಕೆ ಎರಡು ಸಲ ಬೇರೆಯೇ ಒಂದು ಸುತ್ತು ನಡೆಸಲಿ. ಹಿರಿಯರ ಸಮಾಧಾನಕ್ಕೆ ಅಷ್ಟು ನೀರು ವ್ಯಯವಾದರೆ ಆಗಲಿ. ಸೊಸೆಯ ಬೆನ್ನು ವ್ಯಯವಾಗುವುದು ಬೇಡ.

ಈಗ ಯಂತ್ರದ ಮುನಿಸಿಗೆ ಬರೋಣ. ಕುಪ್ಪಳಿಸುವುದೇಕೆ? ಹಿಂಡುವ ಹೊತ್ತಿನಲ್ಲಿ ಮುಂಬಾಗಿಲಿನ ಯಂತ್ರದ ಡ್ರಮ್ಮು ನಿಮಿಷಕ್ಕೆ 1000ದಿಂದ 1400 ಸುತ್ತು ತಿರುಗುತ್ತದೆ. ಡ್ರಮ್ಮಿನ ಅಡ್ಡಳತೆ ಅರ್ಧ ಮೀಟರೆಂದೂ ವೇಗ 1200 ಸುತ್ತೆಂದೂ ಇಟ್ಟುಕೊಂಡು ಲೆಕ್ಕ ಹಾಕಿದರೆ, ಅಂಚಿನಲ್ಲಿರುವ ಬಟ್ಟೆಯು ತನ್ನ ತೂಕದ ಸುಮಾರು 400 ಪಟ್ಟು ಬಲದಿಂದ ಹೊರಕ್ಕೆ ಒತ್ತುತ್ತದೆ. ನೀರು ರಂಧ್ರಗಳಿಂದ ಸಿಡಿದುಹೋಗುವುದು ಈ ಬಲದಿಂದಲೇ. ಆದರೆ ಒಂದು ಕಿಲೋ ಒದ್ದೆ ಬಟ್ಟೆ ಒಂದೇ ಕಡೆಗೆ ಗುಂಪಾದರೆ, 400 ಕಿಲೋ ಭಾರವೊಂದು ಸೆಕೆಂಡಿಗೆ ಇಪ್ಪತ್ತು ಸಲ ದಿಕ್ಕು ಬದಲಿಸುತ್ತ ಯಂತ್ರವನ್ನು ಎಳೆದಾಡಿದಂತಾಗುತ್ತದೆ! ಈ ಕಾರಣಕ್ಕಾಗಿಯೇ ಯಂತ್ರದೊಳಗೆ ಕಾಂಕ್ರೀಟಿನಂಥ ಭಾರವನ್ನು ಕಟ್ಟಿ, ಸ್ಪ್ರಿಂಗುಗಳಿಂದ ತೊಟ್ಟಿಯನ್ನು ತೂಗುಹಾಕಿರುತ್ತಾರೆ.

ಆದ್ದರಿಂದ ಒಂದೇ ದಪ್ಪ ಟವೆಲನ್ನೋ ಒಂದೇ ಚಾದರವನ್ನೋ ಹಾಕಿ ಹಿಂಡಿಸಬಾರದು, ಜೊತೆಗೆ ಸಣ್ಣಪುಟ್ಟ ಬಟ್ಟೆಗಳಿರಲಿ. ಕಂಠಮಟ್ಟ ತುರುಕುವುದೂ ತಪ್ಪು. ಬಟ್ಟೆಯ ಮೇಲೆ ಒಂದು ಅಂಗೈಯಗಲದ ತೆರವಿದ್ದರೆ ಮಾತ್ರ ಅದು ಹೊರಳುತ್ತದೆ. ಯಂತ್ರದ ನಾಲ್ಕು ಕಾಲುಗಳೂ ನೆಲಕ್ಕೆ ಸಮನಾಗಿ ತಾಗಿರಬೇಕು. ಮೇಲೆ ಒಂದು ಮೂಲೆಯನ್ನು ಒತ್ತಿದಾಗ ಕುಲುಕಿದರೆ ಕಾಲಿನ ತಿರುಪನ್ನು ತಿರುಗಿಸಿ ಸರಿಪಡಿಸಬೇಕು. ನಮ್ಮ ಕಡೆಯ ಹಳೆಯ ಮನೆಗಳ ಬಚ್ಚಲಿನ ಹಾಸುಗಲ್ಲುಗಳು ನೀರು ಹರಿಯಲೆಂದು ಇಳಿಜಾರಾಗಿರುವುದರಿಂದ ಇದು ಅಲ್ಲಿ ಹೆಚ್ಚಾಗಿ ಕಾಣುವ ದೋಷ. ಯಂತ್ರ ಹೊಸದಾಗಿದ್ದು ಮೊದಲ ದಿನವೇ ಭಯಂಕರವಾಗಿ ಕುಣಿದರೆ, ಸಾಗಾಟದಲ್ಲಿ ಡ್ರಮ್ಮು ಅಲುಗದಿರಲೆಂದು ಹಿಂಬದಿಗೆ ಹಾಕಿದ ಬೋಲ್ಟುಗಳನ್ನು ತೆಗೆಯದೆ ಬಿಟ್ಟಿದ್ದಾರೆಂದೇ ತಿಳಿಯಬೇಕು. ಅವನ್ನು ತೆಗೆದು ಜೋಪಾನವಾಗಿಡಿರಿ, ಮನೆ ಬದಲಿಸುವಾಗ ಬೇಕಾಗುತ್ತವೆ.

ಬಿಳಿಯ ಕಲೆಗೆ ಮುಖ್ಯ ಕಾರಣ ನೀರು. ಬಯಲುಸೀಮೆಯ ಕೊಳವೆ ಬಾವಿಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುವ ಗಡಸು ನೀರೇ ಬಹಳ. ಬೇಳೆ ಬೇಯದ ನೀರು ಎಂದು ನಮ್ಮ ತಾಯಂದಿರು ಹೇಳುವುದು ಇದನ್ನೇ. ಈ ಲವಣಗಳು ಸಾಬೂನನ್ನು ಹಿಡಿದು ಕರಗದ ಗಸಿಯಾಗಿ ಮಾಡುತ್ತವೆ. ನೊರೆಯೂ ಏಳದು, ಕೊಳೆಯೂ ಬಿಡದು. ನೊರೆ ಬರಲಿಲ್ಲವೆಂದು ಇನ್ನೂ ಎರಡು ಚಮಚ ಪುಡಿ ಸುರಿದರೆ ಕರಗದೆ ಉಳಿದ ಪುಡಿಯೂ ಗಸಿಯೂ ಸೇರಿ ಬಟ್ಟೆಗೆ ಬಡಿದುಕೊಳ್ಳುತ್ತವೆ. ಪುಡಿಯನ್ನು ಒಂದು ತಂಬಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಹಾಕುವುದು, ಇಲ್ಲವೆ ದ್ರವರೂಪದ್ದನ್ನು ಬಳಸುವುದು, ಒಂದು ಜಾಲಾಟವನ್ನು ಹೆಚ್ಚಿಸುವುದು ಸುಲಭದ ಉಪಾಯಗಳು. ಮಳೆನೀರು ಹಿಡಿದಿಟ್ಟ ಮನೆಗಳಲ್ಲಿ ಈ ತೊಂದರೆಯೇ ಇರದು. ಮುಂಬಾಗಿಲಿನ ಯಂತ್ರಕ್ಕೆ ಅದಕ್ಕೆಂದೇ ಮಾಡಿದ ಕಡಿಮೆ ನೊರೆಯ ಪುಡಿಯನ್ನೇ ಹಾಕಬೇಕು. ಅತಿಯಾದ ನೊರೆ ಬಟ್ಟೆಗಳ ನಡುವೆ ಮೆತ್ತೆಯಂತೆ ನಿಂತು ತಿಕ್ಕಾಟವನ್ನೇ ತಡೆಯುತ್ತದೆ.

ಗಡಸು ನೀರಿನ ಇನ್ನೊಂದು ಉಪದ್ರವ ಒಳಗಿನ ಹೀಟರಿಗೆ. ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಹೆಕ್ಕಳಿಕೆಯೇ ಅದರ ಮೇಲೂ ಕಟ್ಟುತ್ತದೆ; ಬಿಸಿ ನೀರಿಗೆ ತಲುಪದೆ ಹೀಟರು ತಾನೇ ಕಾದು ಸುಟ್ಟುಹೋಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಸಿಟ್ರಿಕ್ ಆಮ್ಲವನ್ನೋ ಅಂಗಡಿಯಲ್ಲಿ ದೊರೆಯುವ ಇಂಥದೇ ಪುಡಿಯನ್ನೋ ಹಾಕಿ ಬಟ್ಟೆಯಿಲ್ಲದೆ ಬಿಸಿನೀರಿನ ಸುತ್ತು ನಡೆಸಿದರೆ ಅದು ಕರಗುತ್ತದೆ. ಆದರೆ ಬ್ಲೀಚಿಂಗ್ ದ್ರಾವಣವನ್ನು ಅದರೊಡನೆ ಎಂದೂ ಬೆರೆಸಬಾರದು. ವಿಷಗಾಳಿ ಏಳುತ್ತದೆ.

ನೀರೇ ಒಳಗೆ ಬಾರದಿದ್ದರೆ ಯಂತ್ರವನ್ನು ದೂರುವ ಮೊದಲು ನಲ್ಲಿಯ ಕೊಳವೆ ಯಂತ್ರಕ್ಕೆ ಸೇರುವ ಕಡೆಯ ಸಣ್ಣ ಜಾಲರಿಯನ್ನು ಬಿಚ್ಚಿ ನೋಡಿರಿ, ಮರಳು ಕಟ್ಟಿಕೊಂಡಿರುತ್ತದೆ. ತಾರಸಿಯ ಮೇಲಿನ ಟಾಕಿಯ ಎತ್ತರವೂ ಮುಖ್ಯ. ಹತ್ತು ಮೀಟರು ಎತ್ತರದ ನೀರು ಸುಮಾರು 1 ಬಾರ್ ಒತ್ತಡವನ್ನು ಕೊಡುತ್ತದೆ. ಹಲವು ಯಂತ್ರಗಳಿಗೆ 0.3 ಬಾರ್, ಎಂದರೆ ಮೂರು ಮೀಟರಿನಷ್ಟಾದರೂ ಬೇಕು. ಟಾಕಿಯ ಕೆಳಗಿನ ಮಹಡಿಯಲ್ಲಿಯೇ ಯಂತ್ರವಿಟ್ಟವರಿಗೆ ಇದು ಸಾಲದೆ ಬರುತ್ತದೆ.

ವಾಸನೆಯ ಕಾರಣ ಯಂತ್ರದಲ್ಲಿಲ್ಲ, ನಮ್ಮ ಅಭ್ಯಾಸದಲ್ಲಿದೆ. ತಣ್ಣೀರಿನಲ್ಲಿಯೇ ಯಾವಾಗಲೂ ಒಗೆದು, ಕೆಲಸ ಮುಗಿದೊಡನೆ ಬಾಗಿಲು ಬಿಗಿದು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಹೊದಿಸಿದರೆ ಒಳಗಿನ ತೇವದಲ್ಲಿ ಸೂಕ್ಷ್ಮಜೀವಿಗಳು ಲೋಳೆಯಾಗಿ ಬೆಳೆಯುತ್ತವೆ. ಬಾಗಿಲಿನ ಸುತ್ತಲಿನ ರಬ್ಬರಿನ ಮಡಿಕೆಯನ್ನು ಒಣಬಟ್ಟೆಯಿಂದ ಒರೆಸಿ, ಬಾಗಿಲನ್ನು ನಾಲ್ಕು ಬೆರಳು ತೆರೆದಿಡಬೇಕು. ಸಣ್ಣ ಮಕ್ಕಳಿರುವ ಮನೆಯಲ್ಲಿ ಆ ಕೋಣೆಯ ಬಾಗಿಲಿಗೆ ಚಿಲಕವಿರಲಿ, ಮಕ್ಕಳು ಡ್ರಮ್ಮಿನೊಳಗೆ ನುಸುಳಿ ಪ್ರಾಣಕ್ಕೆ ಎರವಾದ ಪ್ರಸಂಗಗಳುಂಟು. ಪುಡಿ ಹಾಕುವ ಖಾನೆಯನ್ನು ಹೊರತೆಗೆದು ತೊಳೆಯಿರಿ. ತಿಂಗಳಿಗೊಮ್ಮೆ ಬಟ್ಟೆಯಿಲ್ಲದ ಬಿಸಿನೀರಿನ ಸುತ್ತು ನಡೆಯಲಿ. ಮುಂಬಾಗಿಲಿನ ಯಂತ್ರದ ಕೆಳಮೂಲೆಯಲ್ಲೊಂದು ಮುಚ್ಚಳವಿದ್ದು, ಅದರ ಹಿಂದೆ ಪಂಪಿನ ಜಾಲರಿಯಿರುತ್ತದೆ. ನೀರು ಹೊರಹೋಗದೆ ನಿಂತರೆ ಹತ್ತಕ್ಕೆ ಎಂಟು ಸಲ ದೋಷ ಅಲ್ಲಿಯೇ. ನಾಣ್ಯ, ಪಿನ್ನು, ಗುಂಡಿ, ಒಮ್ಮೊಮ್ಮೆ ರುದ್ರಾಕ್ಷಿಯ ಮಣಿಗಳೂ ದೊರೆಯುತ್ತವೆ! ತೆರೆಯುವ ಮೊದಲು ಒಳಗಿನ ನೀರು ಬಿಸಿಯಿಲ್ಲವೆಂದು ಖಚಿತಪಡಿಸಿಕೊಂಡು, ಕೆಳಗೊಂದು ತಟ್ಟೆಯಿಟ್ಟು, ಪಕ್ಕದ ಸಣ್ಣ ನಳಿಕೆಯಿಂದ ನೀರನ್ನು ಬಸಿದುಬಿಡಬೇಕು.

ನಮ್ಮ ಮನೆಗಳ ಕೆಲವು ಬಟ್ಟೆಗಳ ವಿಷಯ ಬೇರೆಯಾಗಿ ಹೇಳಬೇಕು. ಇಳಕಲ್ ಸೀರೆಯ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು, ಎರಡನ್ನೂ ನೇಯ್ಗೆಯಲ್ಲಿಯೇ ಕೊಂಡಿಹಾಕಿ ಜೋಡಿಸಿರುತ್ತಾರೆ. ಸೆರಗಿನ ಕೆಂಪು ಬಣ್ಣ ಬಿಡುವುದೂ ಉಂಟು. ಅದಕ್ಕೆ ಯಂತ್ರ ಬೇಡ. ಕಾವಿಯ ವಸ್ತ್ರವನ್ನು ಬಿಳಿಯ ಧೋತರದೊಡನೆ ಹಾಕಿದರೆ ಇಡೀ ಮನೆಯೇ ಸನ್ಯಾಸ ಸ್ವೀಕರಿಸಿದಂತಾದೀತು. ವಿಭೂತಿಯ ಕಲೆಗೆ ಚಿಂತೆಯಿಲ್ಲ, ಕೊಡವಿ ಹಾಕಿದರೆ ಹೋಗುತ್ತದೆ. ಅರಿಸಿನದ ಕಲೆ ಸಾಬೂನು ತಾಗಿದೊಡನೆ ಕೆಂಪಾಗುವುದನ್ನು ಕಂಡು ಗಾಬರಿಯಾಗಬೇಡಿರಿ, ಅದು ಕ್ಷಾರದ ಗುಣ. ಒಗೆದು ಬಿಸಿಲಿಗೆ ಹರವಿದರೆ ಬಿಸಿಲೇ ಅದನ್ನು ಅಳಿಸುತ್ತದೆ. ಶಿವದಾರವನ್ನು ಯಂತ್ರಕ್ಕೆ ಹಾಕಿದರೆ ಉಳಿದ ಬಟ್ಟೆಗಳಿಗೆ ಸುತ್ತಿಕೊಂಡು ಗಂಟಾಗುತ್ತದೆ, ಕೈಯಲ್ಲಿಯೇ ಒಗೆಯಿರಿ.

ಒಂದು ವಿಷಯದಲ್ಲಿ ಮಾತ್ರ ಯಾರೂ ಉದಾಸೀನ ಮಾಡಬಾರದು. ಯಂತ್ರದ ಮೈಯನ್ನು ಮುಟ್ಟಿದಾಗ ಚುರುಕ್ಕೆಂದರೆ, "ಸ್ವಲ್ಪ ಕರೆಂಟು ಹೊಡೆಯುತ್ತದೆ, ಚಪ್ಪಲಿ ಹಾಕಿಕೊಂಡು ಮುಟ್ಟು" ಎಂದು ಹೇಳುವ ಮನೆಗಳುಂಟು. ನೀರು, ಲೋಹ, ವಿದ್ಯುತ್ತು ಮೂರೂ ಕೂಡಿದ ಜಾಗವದು. ಒದ್ದೆ ಕಾಲಿನಲ್ಲಿ ನಿಂತ ಹೆಣ್ಣುಮಗಳ ಪ್ರಾಣ ಹೋಗುವುದಕ್ಕೆ ಕ್ಷಣ ಸಾಕು. ಹಾಗಾದ ದಿನವೇ ಮೇನ್ ಸ್ವಿಚ್ಚನ್ನು ಆರಿಸಿ, ಆಮೇಲೆ ಪ್ಲಗ್ಗು ತೆಗೆದು, ಭೂಸಂಪರ್ಕದ ತಂತಿ ನಿಜವಾಗಿಯೂ ಭೂಮಿಯವರೆಗೆ ಹೋಗಿದೆಯೇ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ಮೂರು ಕಡ್ಡಿಯ ಪ್ಲಗ್ಗು ಇದ್ದರೂ ಗೋಡೆಯೊಳಗೆ ಮೂರನೆಯ ತಂತಿಯೇ ಇರದ ಹಳೆಯ ಮನೆಗಳು ಬಹಳ. ಎಲ್ಲಿಯಾದರೂ ವಿದ್ಯುತ್ತು ಸೋರಿದರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಡಿದುಹಾಕುವ 30 ಮಿಲಿ ಆಂಪಿಯರಿನ ರಕ್ಷಣಾ ಸ್ವಿಚ್ಚನ್ನು ಹಾಕಿಸಿಕೊಳ್ಳುವುದು ಯಂತ್ರ ಕೊಳ್ಳುವಷ್ಟೇ ಅಗತ್ಯ. ಹೀಟರುಳ್ಳ ಯಂತ್ರಕ್ಕೆ 16 ಆಂಪಿಯರಿನ ಸಾಕೆಟ್ಟು ಬೇಕು, ಸಣ್ಣ ಪ್ಲಗ್ಗಿಗೆ ಜೋಡಿಸುವ ಎಳೆದಾಟದ ವಯರು ಬೇಡ. ಯಂತ್ರದ ತಳ ತೆರೆದಿದ್ದರೆ ಇಲಿ ಒಳಹೊಕ್ಕು ವಯರನ್ನು ಕಡಿಯುತ್ತದೆ. ತಂತಿಯ ಜಾಲರಿ ಹಾಕಿಸಿರಿ. ಮೂವತ್ತು ರೂಪಾಯಿಯ ಮೊಳೆಯ ಮೇಲೆ ನಿಂತ ವಯರಿಂಗಿನ ಮನೆಗೆ ಮೂವತ್ತು ಸಾವಿರದ ಯಂತ್ರ ತರುವ ಗೃಹಸ್ಥರಿಗೆ ನಮ್ಮ ವಿನಂತಿಯೆಂದರೆ, ಅಂಗಡಿಗೆ ಹೋಗುವ ಮೊದಲು ವಯರ್‌ಮನ್ನನನ್ನು ಮನೆಗೆ ಕರೆಸಿರಿ.

ಕೌದಿಯ ಪ್ರಶ್ನೆ ಉಳಿಯಿತು. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹೊಲಿದ ಕೌದಿ ನೀರು ಕುಡಿದರೆ ಇಬ್ಬರು ಎತ್ತಬೇಕು. ಯಂತ್ರದ ಮೇಲೆ ಬರೆದ ಏಳು, ಎಂಟು ಕಿಲೋ ಎಂಬುದು ಒಣ ಬಟ್ಟೆಯ ತೂಕ. ಕೌದಿ ಒಣಗಿದ್ದಾಗ ಆ ಲೆಕ್ಕದೊಳಗೆ ಬಂದರೂ ಒಂದೇ ಮುದ್ದೆಯಾಗಿ ಒಂದು ಕಡೆಗೆ ಕೂಡುವುದರಿಂದ ಹಿಂಡುವಾಗ ಬೇರಿಂಗು ಮುರಿಯುತ್ತದೆ. ಅದನ್ನು ಬೇಸಗೆಯಲ್ಲಿ ಹೊಳೆಗೋ ಬಾವಿಯ ಕಟ್ಟೆಗೋ ಒಯ್ದು ನಾಲ್ಕು ಜನ ಸೇರಿ ತುಳಿದು ಒಗೆಯಿರಿ. ಊರಿನ ಮಡಿವಾಳರಿಗೆ ಕೊಡುವುದಾದರೆ ಕೂಲಿಯಲ್ಲಿ ಚೌಕಾಸಿ ಬೇಡ.